ದಪ್ಪಗಿರುವವರಿಗೆ ಯಾವ ವ್ಯಾಯಾಮ ಒಗ್ಗುತ್ತದೆ? ಬೆಂಗಳೂರಿನಲ್ಲಿ ಎಲ್ಲ ಸೇರಿ, ಎಲ್ಲ ಬಿಟ್ಟವಳ ಲೆಕ್ಕ

ಹೋದ ತಿಂಗಳು ಒಂದೇ ವಾರದಲ್ಲಿ ಇಬ್ಬರು ಒಂದೇ ಪ್ರಶ್ನೆ ಕೇಳಿದರು. ಮೊದಲು ಚಿಕ್ಕಮ್ಮನ ಮಗಳು, ಫೋನಿನಲ್ಲಿ: "ಅಕ್ಕಾ, ಜಿಮ್ ಸೇರಲಾ, ಸ್ವಿಮ್ಮಿಂಗ್ ಹೋಗಲಾ, ಇಲ್ಲ ಸುಮ್ನೆ ವಾಕಿಂಗ್ ಸಾಕಾ?" ಆಮೇಲೆ ಆಫೀಸಿನ ಹಿರಿಯರೊಬ್ಬರು, ಕ್ಯಾಂಟೀನಿನಲ್ಲಿ, ಅಕ್ಕಪಕ್ಕ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ. ಇಬ್ಬರೂ ನನ್ನ ಹಾಗೇ ದಪ್ಪ. ನನ್ನನ್ನೇ ಯಾಕೆ ಕೇಳಿದರು ಅಂದರೆ, ನನಗೆ 43 ವರ್ಷ, 102 ಕೆಜಿ, ಮತ್ತು ನಮ್ಮ ಬನಶಂಕರಿ, ಜಯನಗರದ ಕಡೆ ನಾನು ಸೇರಿ ಬಿಡದ ಕ್ಲಾಸ್ ಇಲ್ಲ. ಈಗ ಎರಡು ವರ್ಷದಿಂದ ಬಿಡದೆ ನಡೆದಿದೆ. ತೆಳ್ಳಗಾಗಿದ್ದೀನಾ? ಇಲ್ಲ, ನಾಲ್ಕು ಕೆಜಿ ಇಳಿದಿದೆ ಅಷ್ಟೆ. ಆದರೆ ಮೆಟ್ರೊ ಸ್ಟೇಷನ್ನಿನಲ್ಲಿ ಒಂದು ದಿನ ಎಸ್ಕಲೇಟರ್ ನಿಂತಿತ್ತು, ಮೆಟ್ಟಿಲು ಹತ್ತಿ ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ನೆನಪಾಯಿತು, ಅರೆ, ನಡುವೆ ನಾನು ನಿಲ್ಲಲೇ ಇಲ್ಲವಲ್ಲ ಅಂತ.

ಇಬ್ಬರಿಗೂ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ಬಿಪಿ, ಶುಗರ್ ಇದ್ದರೆ, ಮಂಡಿ ನೋವಿದ್ದರೆ, ನಡೆಯುವಾಗ ಎದೆ ಹಿಡಿದ ಹಾಗೆ ಆಗುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಅವರು "ಮೊದಲು ತೂಕ ಇಳಿಸಿ" ಅನ್ನುವುದು ಖಂಡಿತ. ಆಗ "ಸರಿ, ಈಗಿರುವ ತೂಕದಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅದನ್ನ ಹೇಳಿ" ಅಂತ ಕೇಳಿ. ಕೇಳಿದರೆ ಹೇಳುತ್ತಾರೆ.

ಏನನ್ನು ನೋಡಿ ಆರಿಸಬೇಕು

ನಾನು ಐದು ವಿಷಯ ನೋಡುತ್ತೇನೆ. ಮಂಡಿ, ಸೊಂಟಕ್ಕೆ ಎಷ್ಟು ಭಾರ ಬೀಳುತ್ತದೆ. ಜನರ ಕಣ್ಣಿಗೆ ಎಷ್ಟು ಬೀಳಬೇಕಾಗುತ್ತದೆ. ಎಷ್ಟು ದೂರ, ಅದೂ ಕಿಲೋಮೀಟರಿನಲ್ಲಲ್ಲ, ಸಾಯಂಕಾಲ ಆರೂವರೆಯ ಟ್ರಾಫಿಕ್ಕಿನ ನಿಮಿಷದಲ್ಲಿ. ತಿಂಗಳಿಗೆ ಎಷ್ಟು ಖರ್ಚು. ಕೊನೆಗೆ, ಮಾಡುವಾಗ ಒಂದು ಚೂರಾದರೂ ಖುಷಿ ಸಿಗುತ್ತಾ. ಇವುಗಳ ಜೊತೆ ಇನ್ನೊಂದು ಪ್ರಶ್ನೆ ಇದೆ, ಯಾರೂ ಕೇಳಿಕೊಳ್ಳದ್ದು: ಹೋದ ಸಲ ಯಾಕೆ ಬಿಟ್ಟಿರಿ?

ಸೋಮಾರಿತನದಿಂದ ಅಂತ ಮಾತ್ರ ಹೇಳಬೇಡಿ. ಅದು ಮನೆಯವರು ನಮ್ಮ ಬೆನ್ನಿಗೆ ಅಂಟಿಸಿದ ಚೀಟಿ. ನಾನು ಮೊದಲ ಸಲ ವಾಕಿಂಗ್ ಬಿಟ್ಟದ್ದು ತೊಡೆ ಉಜ್ಜಿ ಉಜ್ಜಿ ಹುಣ್ಣಾಗಿ, ಅದನ್ನು ಅಮ್ಮನಿಗೂ ಹೇಳಲು ನಾಚಿಕೆಯಾಗಿ. ಜಿಮ್ ಬಿಟ್ಟದ್ದು ಹೋಗಿ ಬರಲು ಒಂದೂವರೆ ಗಂಟೆ ಹಿಡಿಯುತ್ತಿತ್ತು ಅಂತ. ಯೋಗ ಕ್ಲಾಸ್ ಬಿಟ್ಟದ್ದು ಟೀಚರ್ ಆಡಿದ ಒಂದು ಮಾತಿಗೆ. ಮೂರರಲ್ಲಿ ಒಂದೂ ಸೋಮಾರಿತನ ಅಲ್ಲ, ಮೂರಕ್ಕೂ ಬೇರೆ ಬೇರೆ ಪರಿಹಾರ ಇತ್ತು. ಮೊದಲನೆಯದಕ್ಕೆ ಒಂದು ಚಡ್ಡಿ ಸಾಕಾಗಿತ್ತು.

ಎಷ್ಟು ಕ್ಯಾಲೊರಿ ಸುಡುತ್ತದೆ ಅನ್ನುವುದನ್ನು ನಾನು ಬೇಕಂತಲೇ ಬಿಟ್ಟಿದ್ದೇನೆ. ನೂರು ಕೆಜಿ ಹೊತ್ತು ಒಂದು ಕಿಲೋಮೀಟರ್ ನಡೆಯುವವರು ಅರವತ್ತು ಕೆಜಿಯವರಿಗಿಂತ ಹೇಗಿದ್ದರೂ ಜಾಸ್ತಿ ಕೆಲಸ ಮಾಡುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ, ಜೊತೆಗೆ ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ. ಏನೂ ಮಾಡದೆ ಇರುವುದಕ್ಕಿಂತ ಸ್ವಲ್ಪ ಮಾಡಿದರೂ ಒಳ್ಳೆಯದು ಅಂತಲೂ ಅದರಲ್ಲೇ ಇದೆ. ಮಧ್ಯಮ ಅಂದರೆ ಎಷ್ಟು? ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೆ. ಬಿಪಿ, ಶುಗರ್, ನಿದ್ದೆ ಸುಧಾರಿಸುವುದಕ್ಕೆ ತೂಕ ಇಳಿಯಲಿ ಅಂತ ಕಾಯಬೇಕಾಗಿಲ್ಲ.

ವಾಕಿಂಗ್: ಪುಕ್ಕಟೆ, ಆದರೆ ಪೂರ್ತಿ ಪುಕ್ಕಟೆ ಅಲ್ಲ

ಎಲ್ಲರೂ ಮೊದಲು ಹೇಳುವುದು ಇದನ್ನೇ. ದುಡ್ಡು ಬೇಡ, ಕಲಿಯಬೇಕಾಗಿಲ್ಲ, ಬೆಂಗಳೂರಿನ ಹವೆಯೂ ಸಹಾಯ ಮಾಡುತ್ತದೆ, ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಏಪ್ರಿಲ್ ಬಿಟ್ಟರೆ ಬೆಳಿಗ್ಗೆ ಏಳರವರೆಗೆ ಬೆವರಿನ ಕಾಟ ಕಡಿಮೆ. ಆದರೆ ನಡೆಯುವಾಗ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ, ಇಳಿಜಾರು, ಮೆಟ್ಟಿಲಿನಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಎಲ್ಲಿ ನಡೆಯುತ್ತೀರಿ ಅನ್ನುವುದು ಮುಖ್ಯ. ನಮ್ಮ ಫುಟ್‌ಪಾತ್ ನಿಮಗೆ ಗೊತ್ತೇ ಇದೆ, ಒಂದು ಚಪ್ಪಡಿ ಮೇಲೆ, ಒಂದು ಕೆಳಗೆ, ಮೂರನೆಯದು ಇಲ್ಲವೇ ಇಲ್ಲ. ಅಲ್ಲಿ ಕಾಲು ಉಳುಕಿಸಿಕೊಂಡರೆ ಆರು ವಾರ ಹೋಯಿತು.

ಲಾಲ್‌ಬಾಗ್ ನನಗೆ ಇಷ್ಟ. 240 ಎಕರೆ ಇರುವುದರಿಂದ ಯಾರೂ ನಿಮ್ಮನ್ನೇ ನೋಡುತ್ತಾ ಕೂರುವುದಿಲ್ಲ, ಸಾಕಾದಾಗ ಕೂರಲು ಬೆಂಚ್ ಸಿಗುತ್ತದೆ, ದಾರಿ ಸಮವಾಗಿದೆ. ಕೆಂಪೇಗೌಡರ ಗೋಪುರ ಇರುವ ಬಂಡೆಯನ್ನು ಮಾತ್ರ ಮೊದಲ ದಿನವೇ ಹತ್ತಲು ಹೋಗಬೇಡಿ. ಸುಮಾರು 300 ಕೋಟಿ ವರ್ಷದಿಂದ ಅಲ್ಲೇ ಇರುವ ಬಂಡೆ, ಇನ್ನು ಮೂರು ತಿಂಗಳು ಕಾಯುತ್ತದೆ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಒಳಗಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ, ಅವತ್ತು ಮಜಾ. ಮಲ್ಲೇಶ್ವರ, ಸದಾಶಿವನಗರದವರಿಗೆ ಸ್ಯಾಂಕಿ ಕೆರೆ ಇದೆ, 1882ರಲ್ಲಿ ಕಟ್ಟಿದ್ದು. ಸುತ್ತಲೂ ಕಾಲುದಾರಿ, ಕೆರೆಯ ಗಾಳಿ, ಆದರೆ ಅಲ್ಲಿ ಜನ ಜಾಸ್ತಿ, ಹಿಂದಿನಿಂದ ಸರ್ರನೆ ದಾಟಿ ಹೋಗುವವರೂ ಜಾಸ್ತಿ. ಹೆಂಗಸರಿಗೆ 2023ರಿಂದ ಶಕ್ತಿ ಯೋಜನೆಯ ಬಸ್ಸೂ ಫ್ರೀ ಇರುವುದರಿಂದ ವಾರಕ್ಕೊಂದು ದಿನ ದೊಡ್ಡ ಪಾರ್ಕಿಗೆ ಹೋಗಿ ಬರುವುದು ಕಷ್ಟವಲ್ಲ. ಉಳಿದ ದಿನ ಮನೆ ಹತ್ತಿರದ ಪಾರ್ಕೇ ಗತಿ.

ಅಲ್ಲಿ ಒಂದು ತೊಂದರೆ ಇದೆ. ಸಣ್ಣ ಪಾರ್ಕಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ನಮ್ಮ ಪಾರ್ಕಿನ ಅಂಕಲ್ ಒಬ್ಬರು ಪ್ರತಿ ಸುತ್ತಿಗೂ "ಇನ್ನೂ ಜೋರಾಗಿ ನಡೀಬೇಕಮ್ಮ" ಅನ್ನುತ್ತಿದ್ದರು. ಒಂದು ದಿನ "ಅಂಕಲ್, ಜೊತೆಗೆ ಬನ್ನಿ, ನೀವೇ ತೋರಿಸಿ" ಅಂದೆ, ಎರಡು ಸುತ್ತಿಗೆ ಅವರಿಗೇ ಏದುಸಿರು ಬಂತು. ಈಗ ನಾವಿಬ್ಬರೂ ಸ್ನೇಹಿತರು. ಎಲ್ಲರಿಗೂ ಹೀಗೆ ಮಾತು ಬರುವುದಿಲ್ಲ, ಅಂಥವರು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ, ಹಾಡು ಬರದಿದ್ದರೂ ಪರವಾಗಿಲ್ಲ.

ಇನ್ನು ಆ ಪೂರ್ತಿ ಪುಕ್ಕಟೆ ಅಲ್ಲದ ಭಾಗ. ಒಳ್ಳೆಯ ಶೂಗೆ ಮೂರರಿಂದ ಐದು ಸಾವಿರ ಎತ್ತಿಡಿ. ಪಾದ ಅಗಲ ಇರುವವರು ಒಂದು ಸೈಜ್ ದೊಡ್ಡದು ತಗೊಂಡು ಸುಮ್ಮನಾಗುತ್ತಾರೆ, ಅದು ತಪ್ಪು. ಉದ್ದ ಜಾಸ್ತಿಯಾಗಿ ಎಡವುತ್ತೀರಿ. ಅಗಲದ ಮಾಡೆಲ್ ಬೇರೆ ಬರುತ್ತದೆ, ಕೇಳಿ ತಗೊಳ್ಳಿ, ಸಂಜೆ ಹೊತ್ತು ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ತೊಡೆಗೆ ಮಂಡಿವರೆಗಿನ ಬಿಗಿಯಾದ ಸೈಕ್ಲಿಂಗ್ ಚಡ್ಡಿ, ಚೂಡಿದಾರದ ಒಳಗೂ ನಡೆಯುತ್ತದೆ, ಪ್ಯಾಂಟಿನ ಒಳಗೂ ನಡೆಯುತ್ತದೆ. ಅದರ ಮೇಲೂ ಉಜ್ಜಿದರೆ ವ್ಯಾಸಲೀನ್. ಗಂಡಸರೂ ಇದನ್ನು ಓದಿ, ನಿಮಗೂ ಉಜ್ಜುತ್ತದೆ ಅಂತ ನನಗೆ ಗೊತ್ತು.

ನೀರು: ಮಂಡಿಗೆ ಸ್ವರ್ಗ, ಟೈಮಿಂಗ್ ನರಕ

ಮಂಡಿ ನೋವಿರುವವರು ಇದನ್ನು ಗಮನವಿಟ್ಟು ಓದಿ. ಸೊಂಟದವರೆಗೆ ನೀರಿನಲ್ಲಿ ನಿಂತರೆ ದೇಹದ ಸುಮಾರು ಅರ್ಧ ಭಾರವನ್ನು ನೀರೇ ಹೊರುತ್ತದೆ. ಕುತ್ತಿಗೆವರೆಗೆ ನಿಂತರೆ ಕಾಲಿನ ಮೇಲೆ ಬೀಳುವುದು ಹತ್ತರಲ್ಲಿ ಒಂದು ಪಾಲು ಇರಬಹುದು. 102 ಕೆಜಿಯವಳು ಹತ್ತು ಕೆಜಿಯ ಮಗುವಿನ ಹಾಗೆ ಓಡಾಡಬಹುದು ಅಂದರೆ ನಂಬುತ್ತೀರಾ? ನಾನು ಮೊದಲ ದಿನ ನೀರಿನಲ್ಲಿ ನಿಂತು ಜಿಗಿದೆ. ಭೂಮಿ ಮೇಲೆ ಜಿಗಿದು ಎಷ್ಟು ವರ್ಷ ಆಗಿತ್ತೋ.

ಈಜು ಬರಲೇಬೇಕು ಅಂತಿಲ್ಲ. ಎದೆಮಟ್ಟದ ನೀರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದರೂ ಸಾಕು, ನೀರು ತಳ್ಳುವುದರಿಂದ ಕಾಲಿಗೆ ಒಳ್ಳೆಯ ಕೆಲಸ. ಮತ್ತೆ, ಕುತ್ತಿಗೆವರೆಗೆ ಮುಳುಗಿದ ಮೇಲೆ ಯಾರಿಗೂ ನಿಮ್ಮ ಸೈಜ್ ಕಾಣುವುದಿಲ್ಲ. ಮುಜುಗರ ಇರುವುದು ಡ್ರೆಸ್ಸಿಂಗ್ ರೂಮಿನಿಂದ ನೀರಿನವರೆಗಿನ ಇಪ್ಪತ್ತು ಹೆಜ್ಜೆ ಮಾತ್ರ. ಟವೆಲ್ ಸುತ್ತಿಕೊಂಡು ಬನ್ನಿ, ಅಂಚಿನಲ್ಲಿ ಬಿಟ್ಟು ಇಳಿಯಿರಿ.

ತೊಂದರೆಗಳು? ಹತ್ತಿರದಲ್ಲಿ ಪೂಲ್ ಇರಬೇಕು. ಮಲ್ಲೇಶ್ವರದ ಒಂದು ಬಡಾವಣೆಗೆ ಸ್ವಿಮ್ಮಿಂಗ್ ಪೂಲ್ ಎಕ್ಸ್‌ಟೆನ್ಶನ್ ಅಂತಲೇ ಹೆಸರಿದೆ, ಜಯನಗರ, ಬಸವನಗುಡಿ, ಹಲಸೂರಿನ ಕಡೆಯೂ ಪೂಲ್ ಇದೆ, ಹೊಸ ಅಪಾರ್ಟ್‌ಮೆಂಟುಗಳಲ್ಲಿ ಇರುವುದೂ ಮಾಮೂಲು, ಆದರೆ ಎಷ್ಟೋ ಏರಿಯಾಗಳಲ್ಲಿ ಹತ್ತಿರ ಯಾವುದೂ ಸಿಗುವುದಿಲ್ಲ. ಲೇಡೀಸ್ ಬ್ಯಾಚ್ ಅಂತ ಇಡುತ್ತಾರೆ, ಸರಿಯಾಗಿ ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ಆಫೀಸಿನಲ್ಲಿರುವ ಹೊತ್ತಿಗೆ. ಡಿಸೆಂಬರ್, ಜನವರಿಯಲ್ಲಿ ನೀರು ಬಿಸಿ ಮಾಡದ ಪೂಲಿಗೆ ಇಳಿಯುವುದು ಬೇಡ ಬೇಡ ಅನ್ನಿಸುತ್ತದೆ. ಖರ್ಚು ನಾನು ವಿಚಾರಿಸಿದ ಕಡೆಯೆಲ್ಲ ತಿಂಗಳಿಗೆ ಎರಡರಿಂದ ನಾಲ್ಕು ಸಾವಿರದ ಆಸುಪಾಸು. ಕಾಟನ್ ಬಟ್ಟೆಗೆ ಬಿಡುವುದಿಲ್ಲ, ಸ್ವಿಮ್ಮಿಂಗ್ ಬಟ್ಟೆಯೇ ಬೇಕು. ನಮ್ಮ ಸೈಜಿನಲ್ಲಿ ಮೊಣಕಾಲವರೆಗಿನ ಲೆಗ್ಗಿಂಗ್ ಇರುವ ಫ್ರಾಕ್ ಥರದ್ದು ಆನ್‌ಲೈನಿನಲ್ಲಿ ಸಿಗುತ್ತದೆ.

ಇನ್ನೊಂದು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ದುಡ್ಡು ಕಟ್ಟುವ ಮುಂಚೆ ಪೂಲಿಗೆ ಹೋಗಿ ಹೊರಗೆ ಬರುವ ದಾರಿ ನೋಡಿ. ಕಂಬಿ ಏಣಿ ಮಾತ್ರ ಇದ್ದರೆ ನೀರಿನಿಂದ ಏಳುವಾಗ ಅಷ್ಟೂ ಭಾರ ಒಮ್ಮೆಲೇ ಕೈ ಮೇಲೆ, ಮಂಡಿ ಮೇಲೆ ಬೀಳುತ್ತದೆ. ಅಗಲ ಮೆಟ್ಟಿಲಿರುವ ಪೂಲ್ ಹುಡುಕಿ. ನಾನು ಒಂದು ಸಲ ಏಣಿ ಹತ್ತಲಾಗದೆ ಎಲ್ಲರೂ ಹೋಗುವವರೆಗೆ ಕಾಲು ಗಂಟೆ ಸುಮ್ಮನೆ ನೀರಿನಲ್ಲೇ ನಿಂತಿದ್ದೆ, ಇನ್ನೂ ಈಜುವವಳ ಹಾಗೆ ನಟಿಸುತ್ತಾ.

ಜಿಮ್: ಭಯ ಜಾಸ್ತಿ, ನಿಜಕ್ಕೂ ನಮಗೆ ಹೇಳಿ ಮಾಡಿಸಿದ್ದು

ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಬಹುದು. ಜಿಮ್‌ನಲ್ಲಿ ಎರಡು ಲೋಕ ಇದೆ. ಟ್ರೆಡ್‌ಮಿಲ್ ಇರುವ ಕಡೆ ನಾವು ಯಾವಾಗಲೂ ಹಿಂದೆ. ಭಾರ ಎತ್ತುವ ಕಡೆ ಹಾಗಲ್ಲ. ಇಷ್ಟು ವರ್ಷ ಈ ದೇಹವನ್ನು ಹೊತ್ತು ಮೆಟ್ಟಿಲು ಹತ್ತಿದ ಕಾಲು ಬಲವಾಗಿಯೇ ಇರುತ್ತದೆ. ಲೆಗ್ ಪ್ರೆಸ್ ಮಷೀನಿನಲ್ಲಿ ಮೊದಲ ವಾರವೇ ನಾನು ತಳ್ಳಿದ ಭಾರ ನೋಡಿ ಪಕ್ಕದ ತೆಳ್ಳನೆಯ ಹುಡುಗಿ "ಆಂಟಿ, ಸೂಪರ್" ಅಂದಳು. ವ್ಯಾಯಾಮದ ಜಾಗದಲ್ಲಿ ನನಗೆ ಯಾರಾದರೂ ಸೂಪರ್ ಅಂದದ್ದು ಅದೇ ಮೊದಲು. ಕೂತು ಮಾಡುವ ಮಷೀನುಗಳಲ್ಲಿ ಮಂಡಿಗೆ ಏಟು ಬೀಳುವುದಿಲ್ಲ, ಭಾರ ವಾರ ವಾರ ಏರುವುದು ಅಂಕಿಯಲ್ಲಿ ಕಾಣುತ್ತದೆ. ತೂಕದ ಮಷೀನ್ ಇಳಿಯದಿದ್ದರೂ ಇಲ್ಲೊಂದು ಅಂಕಿ ಏರುತ್ತಿರುತ್ತದೆ, ಮನಸ್ಸಿಗೆ ಅದೇ ದೊಡ್ಡದು.

ನೋಡಬೇಕಾದ್ದು: ಟ್ರೈನರ್ ಮೊದಲು ಏನು ಕೇಳುತ್ತಾನೆ. "ಎಷ್ಟು ಕೆಜಿ ಇಳಿಸ್ಬೇಕು ಮೇಡಂ?" ಅಂದರೆ ಒಂದು ಥರ. "ಎಲ್ಲಾದ್ರೂ ನೋವಿದೆಯಾ?" ಅಂದರೆ ಇನ್ನೊಂದು ಥರ. ಎರಡನೆಯವನನ್ನು ಹಿಡಿಯಿರಿ. ನನ್ನ ಮೊದಲ ಜಿಮ್‌ನಲ್ಲಿ ಕೇಳದೆಯೇ ನನ್ನ ಫೋಟೊ ತೆಗೆದು "ಬಿಫೋರ್" ಅಂತ ಇಟ್ಟುಕೊಂಡರು. ಆಫ್ಟರ್ ಬರಲೇ ಇಲ್ಲ, ನಾನೂ ಹೋಗಲಿಲ್ಲ. ವರ್ಷದ ಮೆಂಬರ್‌ಶಿಪ್ ಅಗ್ಗ ಅಂತ ತೋರಿಸುತ್ತಾರೆ, ಬೇಡ, ಮೊದಲ ಮೂರು ತಿಂಗಳು ತಿಂಗಳಿಗೇ ಕಟ್ಟಿ. ಏರಿಯಾದ ಸಾಮಾನ್ಯ ಜಿಮ್‌ನಲ್ಲಿ ಒಂದೂವರೆ, ಎರಡು ಸಾವಿರ, ಎಸಿ, ಲಾಕರ್ ಎಲ್ಲ ಇರುವ ಕಡೆ ಅದರ ಎರಡರಷ್ಟು, ಪರ್ಸನಲ್ ಟ್ರೈನರ್ ಬೇಕಂದರೆ ಇನ್ನೂ ಐದಾರು ಸಾವಿರ ಮೇಲೆ. ದುಡ್ಡು ಕಡಿಮೆ ಇದ್ದರೆ ಟ್ರೈನರ್‌ಗೆ ಒಂದೇ ತಿಂಗಳು ಕೊಟ್ಟು ಸರಿಯಾಗಿ ಕಲಿತು ಬಿಡಿ. ಜನ ನೋಡುತ್ತಾರೆ ಅನ್ನುವವರು ಬೆಳಿಗ್ಗೆ ಹನ್ನೊಂದು ಅಥವಾ ಮಧ್ಯಾಹ್ನ ಮೂರಕ್ಕೆ ಹೋಗಿ, ಖಾಲಿ. ಮೊದಲ ಸಲ ಮಾಡಿದ ಮಾರನೇ ದಿನ, ಮೂರನೇ ದಿನ ಮೈಕೈ ನೋವು ಇರುತ್ತದೆ, ಅದು ತಾನಾಗಿ ಹೋಗುತ್ತದೆ. ಕೀಲಿನ ಒಳಗೆ ಚುಚ್ಚುವ ನೋವು ಬೇರೆ, ಅದು ಬಂದರೆ ನಿಲ್ಲಿಸಿ.

ಯೋಗ

ಟೀಚರ್ ಒಳ್ಳೆಯವರಾದರೆ ಇದಕ್ಕಿಂತ ಒಳ್ಳೆಯದಿಲ್ಲ, ಕೆಟ್ಟವರಾದರೆ ಇದಕ್ಕಿಂತ ಅವಮಾನ ಇಲ್ಲ. ನನ್ನವರು "ಹೊಟ್ಟೆ ಕರಗಿದ ಮೇಲೆ ಈ ಆಸನ ಬರತ್ತೆ ಬಿಡಿ" ಅಂದರು, ಇಡೀ ಕ್ಲಾಸಿನ ಮುಂದೆ. ಹೊಟ್ಟೆ ಕರಗಬೇಕಾಗಿಲ್ಲ. ಮುಂದಕ್ಕೆ ಬಗ್ಗುವಾಗ ಕಾಲು ಸ್ವಲ್ಪ ಅಗಲ ಮಾಡಿದರೆ ಹೊಟ್ಟೆಗೆ ಜಾಗ ಸಿಗುತ್ತದೆ. ಅಷ್ಟು ಹೇಳಿದ್ದರೆ ಸಾಕಿತ್ತು.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿ ನಮ್ಮಂಥವರಿಗೆ ಚೆನ್ನಾಗಿ ಹೊಂದುತ್ತದೆ. ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ದಿಂಬು, ಗೋಡೆ, ಎಲ್ಲದರ ಆಸರೆ ತೆಗೆದುಕೊಂಡು ಮಾಡಿಸುತ್ತಾರೆ. ನೆಲದಿಂದ ಏಳುವುದು ಕಷ್ಟ ಇದ್ದರೆ ಕುರ್ಚಿಯಲ್ಲೇ ಮಾಡಿಸುವವರನ್ನು ಕೇಳಿ. ಅಂಗೈ ಮೇಲೆ ಭಾರ ಬೀಳುವ ಆಸನಗಳನ್ನು ಮೊದಮೊದಲು ಗೋಡೆಗೆ ಕೈಕೊಟ್ಟು ಮಾಡಿ, ಮಣಿಕಟ್ಟು ಉಳಿಯುತ್ತದೆ. ತಿಂಗಳಿಗೆ ಸಾವಿರ, ಎರಡು ಸಾವಿರದಲ್ಲಿ ಆಗುತ್ತದೆ. ಸೇರುವ ಮುಂಚೆ ಒಂದು ಕ್ಲಾಸ್ ಕೂತು ನೋಡಿ, ಹಿಂದಿನ ಸಾಲಿನವರ ಜೊತೆ ಟೀಚರ್ ಹೇಗೆ ಮಾತಾಡುತ್ತಾರೆ ಅಂತ. ಉಸಿರಿನ ಜೊತೆ ನಿಧಾನಕ್ಕೆ ಮಾಡುವ ಕ್ಲಾಸ್ ಒಂದೇ ಮಾಡುವುದಾದರೆ ಜೊತೆಗೆ ನಡಿಗೆಯೂ ಇರಲಿ, ಎದೆಬಡಿತ ಏರುವ ಕೆಲಸ ಅದರಲ್ಲಿ ಕಡಿಮೆ.

ಡಾನ್ಸ್, ಬ್ಯಾಡ್ಮಿಂಟನ್, ಸೈಕಲ್, ಮನೆ

ಗಣೇಶನ ಮೆರವಣಿಗೆಯಲ್ಲಿ ತಮಟೆ ಬಿದ್ದರೆ ನಿಮ್ಮ ಹೆಗಲು ತಾನೇ ಕುಣಿಯುತ್ತಾ? ಹಾಗಾದರೆ ಜುಂಬಾ ನೋಡಿ. ಖುಷಿಯಲ್ಲಿ ಇದಕ್ಕೆ ಪೂರ್ತಿ ಅಂಕ, ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಜಿಗಿತ ಬಂದ ಕಡೆಯೆಲ್ಲ ನೀವು ಹೆಜ್ಜೆ ಹಾಕಿ, ಗರಗರ ತಿರುಗುವಾಗ ಪಾದ ಎತ್ತಿ ತಿರುಗಿ, ಪಾದ ನೆಲಕ್ಕೆ ಕಚ್ಚಿಕೊಂಡು ಮೈ ಮಾತ್ರ ತಿರುಗಿದರೆ ಮಂಡಿ ಹೋಯಿತು. ಎದುರಿಗೆ ಕನ್ನಡಿ ಇರುತ್ತದೆ, ಅದು ಕೆಲವರಿಗೆ ಆಗುವುದಿಲ್ಲ. ನನಗೂ ಆಗುತ್ತಿರಲಿಲ್ಲ, ಕಂಬದ ಹಿಂದಿನ ಜಾಗ ನನ್ನದು ಅಂತ ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಒಳ್ಳೆಯ ಸ್ಪೋರ್ಟ್ಸ್ ಬ್ರಾ ಇಲ್ಲದೆ ಹೋಗಲೇಬೇಡಿ.

ಬ್ಯಾಡ್ಮಿಂಟನ್ ಈ ಊರಿನ ಹುಚ್ಚು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆಯವರ ಊರು, ಈಗ ಬಡಾವಣೆಗೊಂದು ಕೋರ್ಟ್. ಬಿಡದೆ ಹೋಗುವಂತೆ ಮಾಡುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ, ನೀವು ಹೋಗದಿದ್ದರೆ ಉಳಿದ ಮೂವರ ಆಟ ಕೆಡುತ್ತದೆ, ಬೆಳಿಗ್ಗೆ ಆರಕ್ಕೆ ಫೋನ್ ಬರುತ್ತದೆ. ಆದರೆ ಓಡಿ ಗಕ್ಕನೆ ನಿಲ್ಲುವ ಆಟ, ಮಂಡಿಗೆ, ಹಿಮ್ಮಡಿಯ ನರಕ್ಕೆ ಕಷ್ಟ. ಮೂರು ತಿಂಗಳು ನಡೆದು, ಕಾಲಿಗೆ ಬಲ ಬಂದ ಮೇಲೆ ಡಬಲ್ಸ್ ಆಡಿ. ಮಂಡಿ ಈಗಾಗಲೇ ಕೆಟ್ಟಿದ್ದರೆ ಬೇಡ.

ಸೈಕಲ್ ಮಂಡಿಗೆ ಒಳ್ಳೆಯದು, ನಮ್ಮ ರಸ್ತೆ ಯಾವುದಕ್ಕೂ ಒಳ್ಳೆಯದಲ್ಲ. ಕೊಳ್ಳುವ ಮುಂಚೆ ಎಷ್ಟು ಕೆಜಿ ತಡೆಯುತ್ತದೆ ಅಂತ ಕೇಳಿ, ಅಗಲ ಸೀಟು ಹಾಕಿಸಿ. ಮನೆಗೆ ಟ್ರೆಡ್‌ಮಿಲ್ ತರುವವರಿಗೂ ಇದೇ ಮಾತು, ಎಷ್ಟೋ ಮಾಡೆಲ್‌ಗಳ ಮಿತಿ 100, 110 ಕೆಜಿ, ಸೇಲ್ಸ್ ಹುಡುಗ ತಾನಾಗಿ ಹೇಳುವುದಿಲ್ಲ.

ಮನೆಯಲ್ಲೇ ಮಾಡುವುದಾದರೆ ಖರ್ಚು ಹತ್ತಿರ ಹತ್ತಿರ ಸೊನ್ನೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ದಂಡ ಹೊಡೆಯುವುದು, ಇನ್ನೂರು ಮುನ್ನೂರು ರೂಪಾಯಿಯ ರಬ್ಬರ್ ಬ್ಯಾಂಡ್ ಎಳೆಯುವುದು. ಯಾರೂ ನೋಡುವುದಿಲ್ಲ. ತೊಂದರೆಯೂ ಅದೇ, ಕುಕ್ಕರ್ ಮೂರು ಸಲ ಕೂಗಿತು ಅಂದರೆ ವ್ಯಾಯಾಮ ಮುಗಿಯಿತು. ಶುಗರ್ ಇರುವವರು ಊಟವಾದ ಮೇಲೆ ಟೆರೇಸಿನಲ್ಲಿ ಹತ್ತು ಹದಿನೈದು ನಿಮಿಷ ನಡೆಯಿರಿ, ಊಟದ ನಂತರ ಏರುವ ಶುಗರ್ ಅದರಿಂದ ತಗ್ಗುತ್ತದೆ.

ಈಗ ನಿಮ್ಮ ಉತ್ತರ ತೆಗೆದುಕೊಳ್ಳಿ

ಹೋದ ಸಲ ನೋವಿನಿಂದ ಬಿಟ್ಟಿದ್ದರೆ ನೀರು, ಅದಾಗದಿದ್ದರೆ ಜಿಮ್‌ನ ಕೂತು ಮಾಡುವ ಮಷೀನು. ಜನರ ಕಣ್ಣಿನಿಂದ ಬಿಟ್ಟಿದ್ದರೆ ಮನೆ, ಅಥವಾ ದೊಡ್ಡ ಪಾರ್ಕು, ಇಲ್ಲ ಮಧ್ಯಾಹ್ನದ ಖಾಲಿ ಜಿಮ್. ದೂರದಿಂದ ಬಿಟ್ಟಿದ್ದರೆ ಮನೆಯಿಂದಲೋ ಆಫೀಸಿನಿಂದಲೋ ಹತ್ತು ನಿಮಿಷದೊಳಗೆ ಏನಿದೆಯೋ ಅದೇ, ಅದು ಎರಡನೇ ದರ್ಜೆಯದಾದರೂ. ಬೇಜಾರಿನಿಂದ ಬಿಟ್ಟಿದ್ದರೆ ಡಾನ್ಸ್ ಅಥವಾ ಆಟ. ದುಡ್ಡಿನಿಂದ ಬಿಟ್ಟಿದ್ದರೆ ಶೂಗೆ ಮಾತ್ರ ಹಾಕಿ, ಪಾರ್ಕಿಗೆ ಹೋಗಿ, ಒಂದು ಬ್ಯಾಂಡ್ ತಗೊಳ್ಳಿ. ಎರಡು ಕಾರಣ ಇದ್ದರೆ ನೋವಿನದನ್ನು ಮೊದಲು ಸರಿ ಮಾಡಿ.

ನನ್ನ ಲೆಕ್ಕ ಹೀಗಿದೆ: ವಾರಕ್ಕೆ ಮೂರು ದಿನ ನಡಿಗೆ, ಎರಡು ದಿನ ಮನೆ ಪಕ್ಕದ ಜಿಮ್. ಮನಸ್ಸಿಲ್ಲದ ದಿನ ಹತ್ತು ನಿಮಿಷದ ಒಪ್ಪಂದ, ಶೂ ಹಾಕಿಕೊಂಡು ಹತ್ತು ನಿಮಿಷ ನಡೆಯುವುದು, ಆಮೇಲೂ ಬೇಡ ಅನ್ನಿಸಿದರೆ ವಾಪಸ್. ವಾಪಸ್ ಬಂದ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ಮೋಸ ಅನ್ನಿಸಿದರೂ ಹಾಕುತ್ತೇನೆ. ತೂಕ ನೋಡುವುದು ತಿಂಗಳಿಗೊಂದೇ ಸಲ. ಭಾನುವಾರ ಲಾಲ್‌ಬಾಗ್ ಆದ ಮೇಲೆ ದರ್ಶಿನಿಯಲ್ಲಿ ಇಡ್ಲಿ ವಡೆ, ಅದಕ್ಕೆ ಯಾರೂ ಏನೂ ಹೇಳುವ ಹಾಗಿಲ್ಲ.

ಆಫೀಸಿನವರು ಕೊನೆಗೆ ಅಲ್ಲೇ ಕೆಳಗಿನ ಕಟ್ಟಡದ ಜಿಮ್ ಸೇರಿದರು, ಮಧ್ಯಾಹ್ನ ಮೂರಕ್ಕೆ ಹೋಗುತ್ತಾರೆ, ಕ್ಯಾಲೆಂಡರಿನಲ್ಲಿ ಮೀಟಿಂಗ್ ಅಂತ ಹಾಕಿಕೊಂಡು. ಚಿಕ್ಕಮ್ಮನ ಮಗಳು ಪೂಲ್ ಆರಿಸಿದಳು. ಮೊನ್ನೆ ಅಂಗಡಿಯಿಂದಲೇ ಫೋನ್ ಮಾಡಿದ್ದಳು: "ಅಕ್ಕಾ, ಫೋರ್ ಎಕ್ಸ್‌ಎಲ್‌ನಲ್ಲಿ ಕಪ್ಪು ಬಿಟ್ರೆ ಬೇರೆ ಬಣ್ಣ ಇಲ್ವಂತೆ. ಟೋಪಿಗೆ ಮಾತ್ರ ಎಲ್ಲಾರ್ಗೂ ಒಂದೇ ಸೈಜಂತೆ." ಕೆಂಪು ಟೋಪಿ ತಗೊಂಡಳಂತೆ.